ಪಂಚತಾಲೂಕು ಕ್ರೈಸ್ತಲಕ್ಷಣ ಪ್ರದೀಪಿಕೆ

ಶಾಸ್ತ್ರ ಅಂದಮೇಲೆ ಮೊದಲು ಕ್ಷೇತ್ರನಿರ್ಣಯ ಆಗಬೇಕು. ಈ ಶಾಸ್ತ್ರಕ್ಕೆ ಕ್ಷೇತ್ರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕು. ಮೊನ್ನೆ ಮೊನ್ನೆಯವರೆಗೆ ಇವು ಮೂರೇ ಇದ್ದವು. ಚಿಕ್ಕೋಡಿಯ ಹೊಟ್ಟೆಯಿಂದ ನಿಪ್ಪಾಣಿಯನ್ನೂ ಅಥಣಿಯ ಹೊಟ್ಟೆಯಿಂದ ಕಾಗವಾಡವನ್ನೂ ಸರಕಾರ ಹೊರತೆಗೆದು ಐದು ಮಾಡಿತು. ಒಂದನ್ನು ಒಡೆದು ಎರಡು ಮಾಡುವ ಕಲೆಯಲ್ಲಿ ಕ್ರೈಸ್ತ ಸಭೆಯ ಅನುಭವ ಕಂದಾಯ ಇಲಾಖೆಗಿಂತ ಬಹಳ ಹಳೆಯದು. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಒಂದಕ್ಕೊಂದು ಬಹಿಷ್ಕಾರ ಹಾಕಿಕೊಂಡವು. 1517ರಲ್ಲಿ ಜರ್ಮನಿಯ ಲೂಥರ್ ಪಾಪವಿಮೋಚನೆಯ ಚೀಟಿಗಳ ಮಾರಾಟದ ಮೇಲೆ ತಕರಾರು ತೆಗೆದ. ಅಲ್ಲಿಂದ ಮುಂದೆ ಆದ ಒಡಕುಗಳನ್ನು ಎಣಿಸುತ್ತ ಕೂತರೆ ಈ ಗ್ರಂಥ ಪೀಠಿಕೆಯಲ್ಲೇ ಮುಗಿಯುತ್ತದೆ.

ಇನ್ನು ಪೂರ್ವಪಕ್ಷ. ಪುಸ್ತಕ ಬರೆದವರು ಕ್ರೈಸ್ತರನ್ನು ನಂಬಿಕೆಯ ಮೇಲೆ ವಿಂಗಡಿಸುತ್ತಾರೆ: ಪೋಪನನ್ನು ಒಪ್ಪುವವರು, ಒಪ್ಪದವರು, ಕೂಸಿಗೆ ಸ್ನಾನ ಕೊಡುವವರು, ಬುದ್ಧಿ ಬಂದ ಮೇಲೆ ಮುಳುಗಿಸುವವರು, ರೊಟ್ಟಿ ನಿಜಕ್ಕೂ ದೇಹವಾಗುತ್ತದೆ ಅನ್ನುವವರು, ಅದು ಬರೀ ನೆನಪಿಗೆ ಅನ್ನುವವರು. ವಿಂಗಡಣೆ ಸೊಗಸಾಗಿದೆ, ನಮ್ಮ ಕ್ಷೇತ್ರದಲ್ಲಿ ಮಾತ್ರ ನಡೆಯುವುದಿಲ್ಲ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲೇ ಕ್ರೈಸ್ತರು ನೂರಕ್ಕೆ 1.87. ಮಂಗಳೂರು, ಬೆಂಗಳೂರು ತಮ್ಮ ಪಾಲು ತೆಗೆದುಕೊಂಡ ಮೇಲೆ ಕೃಷ್ಣಾ ತೀರಕ್ಕೆ ಉಳಿಯುವುದು ಎಷ್ಟು? ರಾಯಬಾಗದಿಂದ ಅಥಣಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ, ಬಸದಿ, ಮಠದ ಕಮಾನು, ದರ್ಗಾದ ಹಸಿರು ನಿಶಾನೆ ತಾವಾಗಿ ಕಣ್ಣಿಗೆ ಬೀಳುತ್ತವೆ, ಶಿಲುಬೆಯನ್ನು ಹುಡುಕಬೇಕು. ಆದರೂ ಚರ್ಚಿನೊಂದಿಗೆ ಯಾವ ವ್ಯವಹಾರವೂ ಇಲ್ಲದ ಮನೆತನ ಇಲ್ಲಿ ಸಿಗುವುದು ಅಪರೂಪ. ಯಾರೂ ಗರ್ಭಗುಡಿಗೆ ಹೋಗಿಲ್ಲ, ಎಲ್ಲರೂ ಒಂದಿಲ್ಲೊಂದು ಬಾಗಿಲಲ್ಲಿ ನಿಂತು ಬಂದಿದ್ದಾರೆ. ಆದ್ದರಿಂದ ಸಿದ್ಧಾಂತ: ದ್ವಾರಭೇದದಿಂದಲೇ ಲಕ್ಷಣಭೇದ.

ಪ್ರಥಮ ದ್ವಾರ: ದವಾಖಾನಿ

ಈ ವರ್ಗದ ಪ್ರಧಾನ ಲಕ್ಷಣವೆಂದರೆ ಇದಕ್ಕೆ ಸೇರಿದವನು ಕ್ರೈಸ್ತನೇ ಅಲ್ಲ. ಬೆಳಗ್ಗೆ ಎದ್ದು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವ ಲಿಂಗಾಯತ, ಹೊತ್ತು ಮುಳುಗುವ ಮುಂಚೆ ಉಂಡು ಮುಗಿಸುವ ಜೈನ, ಕಾರ್ತಿಕಕ್ಕೆ ಪಂಢರಪುರದ ದಾರಿ ಹಿಡಿಯುವ ಮರಾಠ, ಇವರೆಲ್ಲ ಇದರೊಳಗೆ ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಹೊಟ್ಟೆಬ್ಯಾನಿ ಜೋರಾಗಿ, ಊರ ಡಾಕ್ಟರು ತಲೆ ಅಲ್ಲಾಡಿಸಿದ ಕೂಡಲೇ, "ಇಲ್ಲಿ ಟಾಯಿಂ ಕಳೀಬ್ಯಾಡ್ರಿ, ಮಿರಜಕ್ಕ ಒಯ್ರಿ" ಎಂಬ ಮಾತು ಹಿರಿಯರ ಬಾಯಿಂದ ಬಂದರೆ ಆ ಮನೆತನ ಈ ವರ್ಗದ್ದೆಂದು ತಿಳಿಯಬೇಕು.

ಮಿರಜದ ದವಾಖಾನೆ ಕಟ್ಟಿದವನು ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ. ಜಾಗದ ಆಯ್ಕೆಯಲ್ಲಿ ದೈವಪ್ರೇರಣೆ ಎಷ್ಟಿತ್ತೋ, ಮದ್ರಾಸ್ ಅಂಡ್ ಸದರ್ನ್ ಮರಾಠಾ ಎಂದು ಮುಂದೆ ಹೆಸರಾದ ರೈಲಿನ ಪಾಲಂತೂ ದೊಡ್ಡದು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಸ್ಟೇಶನ್ನುಗಳನ್ನು ದಾಟಿ ಬರುವ ಗಾಡಿ ರೋಗಿಯನ್ನು ನೇರ ಮಿರಜದ ಪ್ಲಾಟ್‌ಫಾರ್ಮಿಗೆ ಇಳಿಸುತ್ತಿತ್ತು. ಅಥಣಿ ಸೀಮೆಯವರು ಚಕ್ಕಡಿ ಕಟ್ಟಿಕೊಂಡು ರೈಲಿನ ತನಕ ಬಂದರೆ ಸಾಕು. ಬಂದವರಲ್ಲಿ ಕಣ್ಣಿಗೆ ಪೊರೆ ಬಂದ ಮುದುಕರೇ ಮುದುಕರು. ಕಾಯುವ ಜಾಗದಲ್ಲಿ ಮಿಷನ್ನಿನವನೊಬ್ಬ ಯೇಸು ಕೆಸರು ಹಚ್ಚಿ ಹುಟ್ಟುಗುರುಡನಿಗೆ ಕಣ್ಣು ಕೊಟ್ಟ ಕತೆ ಹೇಳುವುದು, ಒಳಗೆ ಮೇಜಿನ ಮೇಲೆ ಚಾಕು ಎತ್ತುವ ಮುಂಚೆ ಸರ್ಜನ್ ಪ್ರಾರ್ಥನೆ ಮಾಡುವುದು ಮಿಷನ್ ಆಸ್ಪತ್ರೆಗಳ ಪದ್ಧತಿ. ಪಟ್ಟಿ ಬಿಚ್ಚಿದ ದಿನ ಮುದುಕನಿಗೆ ಮೊಮ್ಮಗನ ಮುಖ ಕಾಣುತ್ತಿತ್ತು. ಕತೆ ನಂಬಿದನೋ ಇಲ್ಲವೋ, ಚಾಕುವನ್ನಂತೂ ನಂಬಿ ಊರಿಗೆ ಹೋಗುತ್ತಿದ್ದ, ಮತ್ತು ಹತ್ತು ಜನರಿಗೆ ಹೇಳುತ್ತಿದ್ದ. ಸುವಾರ್ತೆ ಸಾರುವುದೆಂದರೆ ಇದೇ ಆಗಿದ್ದರೆ ಇಡೀ ಅಥಣಿ ತಾಲೂಕು ಎಂದೋ ಪ್ರೆಸ್ಬಿಟೇರಿಯನ್ ಆಗಬೇಕಿತ್ತು. ಬ್ರಿಟಿಷ್ ಸರಕಾರ 1928ರಲ್ಲಿ ವಾನ್ಲೆಸ್‌ಗೆ ಸರ್ ಪದವಿ ಕೊಟ್ಟಿತು, 1933ರಲ್ಲಿ ಆತ ತೀರಿಕೊಂಡ. ಸಾಂಗಲಿ ಮಿರಜದ ನಡುವೆ ವಾನ್ಲೆಸ್‌ವಾಡಿ ಎಂಬ ಹೆಸರು ಈಗಲೂ ಇದೆ.

ಇದು ಅವನು ಹೊಸದಾಗಿ ಕಂಡುಹಿಡಿದ ದಾರಿಯೂ ಅಲ್ಲ. ಸುಮಾರು 370ರಲ್ಲೇ ಸಿಸೇರಿಯದ ಬಿಷಪ್ ಬಾಸಿಲ್ ಊರ ಹೊರಗೆ ರೋಗಿಗಳಿಗೂ ಬಡವರಿಗೂ ಕಟ್ಟಡಗಳ ಒಂದು ಕೇರಿಯನ್ನೇ ಎಬ್ಬಿಸಿದ್ದ. ಅದಕ್ಕೂ ಸ್ವಲ್ಪ ಮುಂಚೆ, ಹಳೇ ದೇವರುಗಳನ್ನು ಮರಳಿ ತರಲು ಹೊರಟಿದ್ದ ರೋಮಿನ ಚಕ್ರವರ್ತಿ ಜೂಲಿಯನ್ ತನ್ನ ಪೂಜಾರಿಗಳ ಮೇಲೆ ಸಿಟ್ಟಾಗಿದ್ದು ಇದೇ ಕಾರಣಕ್ಕೆ: ಈ ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಿಮಗೇನಾಗಿದೆ?

ಉಪಭೇದ: ಹರಕೆ ಹಂಚುವವರು. ಮಿರಜದಲ್ಲಿ ದವಾಖಾನೆ ಬರುವ ಮುಂಚಿನಿಂದಲೂ ಮೀರಾಸಾಹೇಬರ ದರ್ಗಾ ಇದೆ. ಪ್ಲೇಗಿನಿಂದ ಬಳಲಿದ ಗಾಯಕ ಅಬ್ದುಲ್ ಕರೀಂ ಖಾನರು ಗುಣವಾಗಿದ್ದು ಅಲ್ಲೇ ಎಂಬುದು ಸಂಗೀತಗಾರರ ನಂಬಿಕೆ. ಈಚೆ ಕಡೆ ಚಿಂಚಲಿಯಲ್ಲಿ ಮಾಯಕ್ಕ ದೇವಿ. ರೋಗಿ ಹೊರಡುವಾಗ ಮಾಯಕ್ಕನಿಗೆ ಹರಕೆ ಹೊತ್ತಿರುತ್ತಾನೆ, ಇಳಿದ ಮೇಲೆ ದರ್ಗಾಕ್ಕೆ ಹೂವಿನ ಚಾದರ, ಆಮೇಲೆ ಮಿಷನ್ ಡಾಕ್ಟರ ಕೈಗೆ ಹೊಟ್ಟೆ. ಗುಣವಾದ ಮೇಲೆ ಕಾಯಿ ಯಾರಿಗೆ ಒಡೆಯಬೇಕು? ರಾಯಬಾಗ ಕಡೆಯ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ ನೋಡಿ. "ಕೊಯ್ದಾಂವ ಡಾಕ್ಟರ ಖರೆ, ಅವನ ಕೈ ಹಿಡದಾಕಿ ನಮ್ಮವ್ವ" ಅನ್ನುತ್ತಾಳೆ. ಕ್ರಿಸ್ತನಲ್ಲಿ ದೈವ, ಮಾನುಷ ಎಂಬ ಎರಡು ಸ್ವಭಾವಗಳು ಬೆರೆಯದೆಯೂ ಬೇರಾಗದೆಯೂ ಹೇಗಿವೆ ಎಂದು ತೀರ್ಮಾನಿಸಲು 451ರಲ್ಲಿ ಕಾಲ್ಸಿಡಾನಿನಲ್ಲಿ ನೂರಾರು ಬಿಷಪ್ಪರು ಸೇರಿ ವಾರಗಟ್ಟಲೆ ಜಗಳಾಡಿದರು. ಅಜ್ಜಿ ಎಲೆಯಡಿಕೆ ಮಡಚುತ್ತ ಮುಗಿಸುತ್ತಾಳೆ.

ದ್ವಿತೀಯ ದ್ವಾರ: ಶಾಲೆ

ಬೆಳಗಾವಿ ಬ್ರಿಟಿಷರ ಕೈಗೆ ಬಂದಿದ್ದು 1818ರಲ್ಲಿ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಅಲ್ಲಿಗೆ ಬಂದಿದ್ದು 1820ರಲ್ಲಿ. ಮಿಷನ್ನಿನ ಇಂಗ್ಲಿಷ್ ಶಾಲೆ 1832ರಲ್ಲಿ ಶುರುವಾಯಿತು. ಅದೇ ಇಂದಿನ ಬೆನನ್ ಸ್ಮಿತ್. 1856ರಲ್ಲಿ ಕ್ಯಾಥೊಲಿಕರ ಸೇಂಟ್ ಪಾಲ್ಸ್. ಮಗನಿಗೆ ಇಂಗ್ಲಿಷ್ ಬಂದರೆ ಸಾಕು, ಬೈಬಲನ್ನು ಅವನೇ ಮರೆಯುತ್ತಾನೆ ಎಂದು ತಂದೆ ಎಣಿಸಿದ. ಬೈಬಲ್ ತಲೆಗೆ ಹೋದರೆ ಸಾಕು, ಇಂಗ್ಲಿಷು ಒಂದು ನೆಪ ಎಂದು ಮಿಷನರಿ ಎಣಿಸಿದ. ಈ ಒಪ್ಪಂದದಲ್ಲಿ ಗೆದ್ದವನು ತಂದೆ. ಹುಡುಗರು ಮಾಮಲೇದಾರರಾದರು, ವಕೀಲರಾದರು, ಸ್ವಾತಂತ್ರ್ಯ ಚಳವಳಿಗೂ ಹೋದರು. ಕ್ರೈಸ್ತರಾದವರು ಬಲು ಕಡಿಮೆ.

ಈ ದ್ವಾರದ ಆಧುನಿಕ ಪ್ರಭೇದವನ್ನು ಕಾನ್ವೆಂಟ್ ಎಂದು ಕರೆಯುತ್ತಾರೆ. ಲಕ್ಷಣ: ಕುತ್ತಿಗೆಗೆ ಟೈ, ಹಳದಿ ಬಸ್ಸು, ಹೆಸರಿನ ಹಿಂದೆ ಒಬ್ಬ ಸಂತ. ನನ್‌ಗಳು ಇಲ್ಲ, ಚಾಪೆಲ್ ಇಲ್ಲ, ನಡೆಸುವ ಸಂಸ್ಥೆಯವರು ನಮ್ಮ ನಿಮ್ಮವರೇ. ಸರಸ್ವತಿ ಪೂಜೆ ವಿಜೃಂಭಣೆಯಿಂದ ಆಗುತ್ತದೆ. ಸಂತ ಪದವಿ ಕೊಡಲು ರೋಮ್ ಎರಡು ಪವಾಡಗಳ ದಾಖಲೆ ಕೇಳುತ್ತದೆ, ಇಲ್ಲಿ ಒಂದು ನೋಂದಣಿ ಅರ್ಜಿ ಸಾಕು.

ಮುದ್ರಣದ ದ್ವಾರವನ್ನು ಪಂಡಿತರು ಬೇಕಾದಷ್ಟು ವಿಸ್ತರಿಸಿದ್ದಾರೆ. 1894ರ ಕಿಟೆಲ್ ನಿಘಂಟನ್ನು ಕಪಾಟಿನಲ್ಲಿಟ್ಟುಕೊಂಡು ಮಿಷನರಿಗಳನ್ನು ಬಯ್ಯುವ ಸಾಹಿತಿಗಳು ಈ ವರ್ಗದವರು. ಬಯ್ಯಲು ಬೇಕಾದ ಪದವೂ ಅದರಲ್ಲೇ ಸಿಗುತ್ತದೆ.

ನಕಾಶೆ ಪ್ರಕರಣ

ಬಾಸೆಲ್ ಮಿಷನ್ 1837ರಿಂದ ಧಾರವಾಡದಲ್ಲಿ. ಲಂಡನ್ ಮಿಷನ್ ಬೆಳಗಾವಿಯಲ್ಲಿ. 1904ರಲ್ಲಿ ಅದು ಅಲ್ಲಿನ ತನ್ನ ಕೆಲಸವನ್ನೆಲ್ಲ ಅಮೆರಿಕದ ಮೆಥೊಡಿಸ್ಟರಿಗೆ ವಹಿಸಿ ಹೊರಟುಹೋಯಿತು. ಉತ್ತರಕ್ಕೆ ಕೊಲ್ಹಾಪುರದಲ್ಲಿ 1852ರಿಂದ ರಾಯಲ್ ವೈಲ್ಡರ್ ಬೀಡುಬಿಟ್ಟಿದ್ದ. ಅವನ ನೆಲೆಯೇ ಮುಂದೆ ಪ್ರೆಸ್ಬಿಟೇರಿಯನ್ನರದಾಗಿ, ನಿಪ್ಪಾಣಿಯೂ ಅವರ ಠಾಣೆಗಳಲ್ಲಿ ಒಂದಾಯಿತು. ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದು ಎಂದು ಪ್ರೊಟೆಸ್ಟಂಟ್ ಮಿಷನ್ನುಗಳು ತಮ್ಮತಮ್ಮಲ್ಲೇ ಒಪ್ಪಿಕೊಂಡು ಬದು ಹಾಕಿಕೊಳ್ಳುತ್ತಿದ್ದವು. ಹೀಗಾಗಿ ನಮ್ಮ ಕ್ಷೇತ್ರದ ಹಳ್ಳಿಯವನು ಯಾವ ತತ್ವದ ಕ್ರೈಸ್ತನಾಗಬೇಕು ಎಂಬುದನ್ನು ಅವನ ಆತ್ಮವೂ ನಿರ್ಧರಿಸಲಿಲ್ಲ, ಪವಿತ್ರಾತ್ಮವೂ ನಿರ್ಧರಿಸಲಿಲ್ಲ; ಅವನ ಹೊಲ ಯಾವ ಮಿಷನ್ನಿನ ಬದುವಿನೊಳಗೆ ಬಂತು ಎಂಬುದೇ ನಿರ್ಧರಿಸಿತು. ಇದು ನಗುವ ಸಂಗತಿಯೇನಲ್ಲ. 1555ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಜರ್ಮನಿಯ ಅರಸರು ಮಾಡಿಕೊಂಡ ಸಂಧಿಯೂ ಇದೇ: ನೆಲ ಯಾರದೋ ಧರ್ಮ ಅವರದು.

ಬದು ಹಾಕಿದವರು ಹೋದರು, ಬದು ಉಳಿಯಿತು. 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು, ಧಾರವಾಡ ಮುಂದೆ ಅದರ ಜಾಡು ಹಿಡಿಯಿತು. 1970ರಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಹುಟ್ಟಿದಾಗ ಕೊಲ್ಹಾಪುರದ ಕಡೆಯವರು ಅದಕ್ಕೆ ಸೇರಿದರು. ಮೆಥೊಡಿಸ್ಟರು ಆ ಕೂಡಿಕೆಯ ಮಾತುಕತೆಯಲ್ಲಿದ್ದು, ಅಕ್ಕಿಕಾಳು ಬೀಳುವ ಹೊತ್ತಿಗೆ ಹಿಂದೆ ಸರಿದರು. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ 1953ರಲ್ಲೇ ಆಗಿತ್ತು; ಅಂದರೆ ಬೆಳಗಾವಿ ಯಾವ ರಾಜ್ಯದ್ದು ಎಂದು ದಿಲ್ಲಿ ತೀರ್ಮಾನಿಸುವ ಮೂರು ವರ್ಷ ಮೊದಲೇ ರೋಮ್ ತನ್ನ ಗಡಿಕಲ್ಲು ನೆಟ್ಟಾಗಿತ್ತು. ಇದರ ಮೇಲೆ ಸಂಸ್ಥಾನಗಳ ಗೋಜು ಬೇರೆ: ಚಿಕ್ಕೋಡಿ, ಅಥಣಿ ಬ್ರಿಟಿಷರವು, ರಾಯಬಾಗ ಕೊಲ್ಹಾಪುರದ ಛತ್ರಪತಿಗಳದು. 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಬಿಡಿ ಅಂದಿತು. ಮಹಾರಾಷ್ಟ್ರ ಆ ವರದಿಯನ್ನೇ ಒಪ್ಪಲಿಲ್ಲ. ಗಡಿಯ ಬಗ್ಗೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತದೆ ಬಗೆಹರಿಸಿಕೊಂಡ ಏಕೈಕ ಜಾತಿ ಮಿಷನರಿಗಳೇ ಎಂದು ಕಾಣುತ್ತದೆ.

ಈ ಬದುವಿನ ಗುರುತು ಕಿವಿಗೆ ಬೀಳುವುದು ಹಾಡಿನಲ್ಲಿ. ಧಾರವಾಡ ಸೀಮೆಯ ಹಳೆಯ ಕನ್ನಡ ಸಂಗೀತಗಳಿಗೆ ಜರ್ಮನ್ ಧಾಟಿ, ಹಾರ್ಮೋನಿಯಂ ಎಳೆದೆಳೆದು ನಡೆಯುತ್ತದೆ, ಕೇಳುವವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮರಾಠಿ ಬದಿಯಲ್ಲಿ ನಾರಾಯಣ ವಾಮನ ಟಿಳಕರು ಕಟ್ಟಿಕೊಟ್ಟ ಅಭಂಗ, ಭಜನೆಗಳು. ತಾಳ ಬಿದ್ದ ಕೂಡಲೇ ತಲೆ ತೂಗಬೇಕು. ತುಕಾರಾಮರನ್ನು ಬಿಡದೆಯೇ ಕ್ರಿಸ್ತನ ಹತ್ತಿರ ಬಂದೆ ಎಂದು ಬಗೆದವರು ಟಿಳಕರು. ನನ್ನ ಓಟು ಕೇಳಿದರೆ ಟಿಳಕರಿಗೇ. ಒಂದೇ ದೇವರು ಒಂದು ಕಡೆ ನಿಲ್ಲಿಸುತ್ತಾನೆ, ಇನ್ನೊಂದು ಕಡೆ ಕುಣಿಸುತ್ತಾನೆ, ನಡುವೆ ಚಿಕ್ಕೋಡಿ.

ತತ್ವ ಪ್ರಕರಣ, ಅರ್ಥಾತ್ ಈ ನೆಲಕ್ಕೆ ಹತ್ತಿದ್ದು ಮತ್ತು ಹತ್ತದ್ದು

ನಂಬಿಕೆಗಳನ್ನು ಪೂರಾ ಬಿಟ್ಟರೆ ಶಾಸ್ತ್ರಕ್ಕೆ ಲೋಪ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಮಗನೂ ತಂದೆಯಷ್ಟೇ ದೇವರು ಎಂದು ಗೊತ್ತುಮಾಡಿದರು. ಶಿವನೂ ಹರಿಯೂ ಒಂದೇ ಎಂದು ದಿನಾ ಕೇಳುವ ಊರಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಕಷ್ಟ ಬರುವುದು ಬೇರೆ ಕಡೆ.

ಜೈನ ಮುನಿ ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿ ಬೆಳೆದದ್ದು ಭೋಜ ಸೀಮೆಯಲ್ಲಿ. ಅಂಥ ಜೈನ ಹಳ್ಳಿಯಲ್ಲಿ ನಿಂತು, ಲೋಕವನ್ನು ಸೃಷ್ಟಿಸಿದ ದೇವರು ಲೋಕದ ಪಾಪಕ್ಕಾಗಿ ತನ್ನ ಕುರಿಮರಿಯನ್ನು ಬಲಿಕೊಟ್ಟ ಎಂದರೆ ಒಂದೇ ವಾಕ್ಯದಲ್ಲಿ ಎರಡು ಅಪರಾಧ. ಸೃಷ್ಟಿಕರ್ತ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬಲಿಯ ಮಾತನ್ನು ಅವರು ಕೇಳಿಸಿಕೊಳ್ಳುವುದೂ ಇಲ್ಲ. ಒಬ್ಬನ ಕರ್ಮವನ್ನು ಇನ್ನೊಬ್ಬ ತೀರಿಸುವುದು ಹೇಗೆ ಎಂಬ ಮೂರನೆಯ ಪ್ರಶ್ನೆ ಊಟವಾದ ಮೇಲೆ ಬರುತ್ತದೆ.

ಚಿಂಚಲಿ ಕಡೆಯ ಕುರುಬರಿಗೆ ಕುರಿಯ ಮಾತು ಬೇರೆ ರೀತಿ ತಟ್ಟುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಅಡವಿಯಲ್ಲಿ ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಲು ಹೋದ ಕುರುಬನ ದೃಷ್ಟಾಂತ ಇದೆಯಲ್ಲ, ಪೇಟೆಯ ಮಂದಿ ಅದಕ್ಕೆ ಕಣ್ಣೀರು ಹಾಕುತ್ತಾರೆ. ಹಿಂಡು ಕಾಯ್ದವನು ಕೇಳುವುದು ಒಂದೇ: ಉಳಿದ ತೊಂಬತ್ತೊಂಬತ್ತಕ್ಕೆ ಯಾರಿದ್ದರು? ತೋಳ ಗೊತ್ತಿಲ್ಲದವರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಚರ್ಚಿನ ಎರಡು ಸಾವಿರ ವರ್ಷದ ಇತಿಹಾಸದಲ್ಲಿ ಸನ್ಯಾಸಿಗಳು ಆ ಒಂದರ ಹಿಂದೆ ಹೋದವರು, ಬಿಷಪ್ಪರು ತೊಂಬತ್ತೊಂಬತ್ತರ ಬಳಿ ಕೂತವರು ಎಂದು ನಾನು ಇಟ್ಟುಕೊಂಡಿದ್ದೇನೆ.

ಲಿಂಗಾಯತರ ವಿಷಯದಲ್ಲಿ ಮಿಷನರಿಗಳಿಗೆ ಮೊದಮೊದಲು ಭಾರಿ ಆಸೆ ಇತ್ತು. ಮೂರ್ತಿ ಬೇಡ, ದೀಕ್ಷೆ ಇದೆ, ಸತ್ತರೆ ಹೂಳುತ್ತಾರೆ. ಅರ್ಧ ಕೆಲಸ ಆಗಿಯೇ ಇದೆ ಎಂದುಕೊಂಡರು. 1840ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡದ ಕಡೆ ಕಾಲಜ್ಞಾನಿಗಳೆಂಬ ಪಂಥದವರು ಬಾಸೆಲ್ ಪಾದ್ರಿಗಳ ಬಳಿ ತಾವಾಗಿಯೇ ಬಂದರು. ತಮ್ಮ ಕಾಲಜ್ಞಾನದಲ್ಲಿ ಹೇಳಿದ ಗುರುಗಳು ನೀವೇ ಇರಬಹುದು ಎಂದರು. ಊರಿಗೆ ಊರೇ ಬರುತ್ತದೆಂದು ಆ ಪಾದ್ರಿಗಳಲ್ಲೊಬ್ಬನಾದ ಮೋಗ್ಲಿಂಗ್ ಮಲಸಮುದ್ರದಲ್ಲಿ ಅವರಿಗಾಗಿ ಒಕ್ಕಲುತನದ ನೆಲೆ ಮಾಡಿಸಿದ. ಯಾರೂ ಬರಲಿಲ್ಲ ಅಂದರೂ ನಡೆಯುತ್ತದೆ. ಭವಿಷ್ಯ ಹೇಳಿದ ಗ್ರಂಥ ನಮ್ಮದಾಗಿರುವಾಗ ನಾವೇಕೆ ಮನೆ ಬದಲಿಸಬೇಕು ಎಂದು ಅವರಿಗೆ ಅನಿಸಿರಬೇಕು.

ಅಥಣಿಯ ಮಟ್ಟಿಗೆ ಅತಿ ಕಠಿಣವಾದದ್ದು ಪುನರುತ್ಥಾನ. ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಗೆ ಜನ ಹಣೆ ಹಚ್ಚುತ್ತಾರೆ, ಯಾಕೆಂದರೆ ಅವರು ಅಲ್ಲಿ ಇದ್ದಾರೆ. ಗದ್ದುಗೆಯ ಮಹಿಮೆ ಇರುವುದೇ ಒಳಗಿನ ಗುರುವಿನಲ್ಲಿ. ಕ್ರೈಸ್ತರು ತಮ್ಮ ಗುರುವಿನ ಸಮಾಧಿ ಖಾಲಿ ಇದೆ ಎಂಬುದನ್ನೇ ಹೆಚ್ಚುಗಾರಿಕೆಯಾಗಿ ಹೇಳುತ್ತಾರೆ. ಇಲ್ಲಿಯವನು ಮರ್ಯಾದೆಯಿಂದ ಕೇಳಿಸಿಕೊಂಡು, ಪಾಪ, ಎಲ್ಲಿಗೆ ಒಯ್ದರಂತೆ ಎಂದು ವಿಚಾರಿಸಿದರೆ ಅದನ್ನು ನಾಸ್ತಿಕತೆ ಎಂದು ಎಣಿಸಕೂಡದು.

ಕಾವಿ ಪ್ರಭೇದ

ಇದರ ಮಾದರಿ ನಮ್ಮ ಕ್ಷೇತ್ರದ ಹೊರಗೆ, ಬೈಲಹೊಂಗಲ ತಾಲೂಕಿನ ದೇಶನೂರಿನಲ್ಲಿದೆ. ಅಲ್ಲಿ ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟು, ಶಾಕಾಹಾರ ಹಿಡಿದು, ಸ್ನಾನಿಕ ಅರುಳಪ್ಪನವರ ವಿರಕ್ತಮಠ ಎಂಬ ಹೆಸರಿನಲ್ಲಿ ನೆಲೆಸಿದರು. ಇದರ ಮೂಲಪುರುಷ ಮಧುರೈಯ ರಾಬರ್ಟ್ ಡಿ ನೊಬಿಲಿ. 1606ರಲ್ಲಿ ಅಲ್ಲಿಗೆ ಬಂದು ಸನ್ಯಾಸಿಯ ವೇಷ ಹಾಕಿದ. ರೋಮ್ 1623ರಲ್ಲಿ ಆಗಲಿ ಅಂದಿತು, 1744ರಲ್ಲಿ ಬೇಡ ಅಂದಿತು, 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ಮೇಲೆ ಮತ್ತೆ ಆಗಲಿ ಅಂದಿತು. ಕಾವಿ ಬಟ್ಟೆ ಒಣಗಲು ಇಷ್ಟು ಹೊತ್ತು ಬೇಕಾಯಿತು. ಲಿಂಗಾಯತ ನೆರೆಯವನಿಗೆ ಇದರಲ್ಲಿ ತಕರಾರು ಇಲ್ಲ. ವಿಭೂತಿ ಬುಧವಾರ ಎಂದು ವರ್ಷಕ್ಕೊಮ್ಮೆ ಹಣೆಗೆ ಬೂದಿ ಹಚ್ಚಿಕೊಳ್ಳುವ ಕ್ಯಾಥೊಲಿಕರನ್ನು ನೋಡಿ, ಉಳಿದ ದಿನ ಯಾಕೆ ಬಿಡುತ್ತಾರೋ ಎಂದಷ್ಟೇ ಅವನ ಚಿಂತೆ.

ಪತ್ರಾ ಶೆಡ್ ಪ್ರಭೇದ

ಇಟ್ಟಂಗಿ ಗೋಡೆ, ಮೇಲೆ ಪತ್ರಾ, ಒಳಗೆ ಜಮಖಾನೆ, ಒಂದು ಡೋಲಕ್ಕು, ಒಂದು ಸೌಂಡ್ ಬಾಕ್ಸು. ಬಿಷಪ್ ಇಲ್ಲ, ಪಾಸ್ಟರ್ ಇದ್ದಾರೆ. ಶುಕ್ರವಾರ ಉಪವಾಸ ಪ್ರಾರ್ಥನೆ. ಇದನ್ನು ಅಮೆರಿಕದಿಂದ ಬಂದ ಸರಕು ಎಂದು ಪರ ವಿರೋಧ ಎರಡೂ ಕಡೆಯವರು ಹೇಳುತ್ತಾರೆ. ಶಾಸ್ತ್ರ ಒಪ್ಪುವುದಿಲ್ಲ. ಪೆಂಟೆಕೋಸ್ಟಲ್ ಪಂಥದ ಹುಟ್ಟೂರೆಂದು ಹೇಳುವ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಕೂಟ ನಡೆದದ್ದು 1906ರಲ್ಲಿ. ಪುಣೆ ಹತ್ತಿರದ ಕೇಡಗಾವದ ಮುಕ್ತಿ ಸದನದಲ್ಲಿ ವಿಧವೆಯರೂ ಅನಾಥ ಹುಡುಗಿಯರೂ ಆತ್ಮ ಮೈಮೇಲೆ ಬಂದಂತೆ ಕೂಗಿ ಪ್ರಾರ್ಥಿಸಿದ್ದು 1905ರಲ್ಲಿ. ಆ ಸದನದ ಒಡತಿ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ಕಾರ್ಕಳ ಸೀಮೆಯ ಮಾಳದ ಕಾಡಿನ ಗಂಗಾಮೂಲದಲ್ಲಿ. ಸಂಸ್ಕೃತದಲ್ಲಿ ಪಂಡಿತೆ, ಬೈಬಲನ್ನು ತಾನೇ ಮರಾಠಿಗೆ ತಂದಾಕೆ. ಶೆಡ್ಡಿನಲ್ಲಿ ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಹಾಡುವವರು ಹೆಂಗಸರೇ ಯಾಕೆ ಎಂದು ಕೇಳುವವರು ಆಕೆಯಿಂದ ಶುರುಮಾಡಬೇಕು. ಕುಡುಕ ಗಂಡ ಆರು ತಿಂಗಳು ಬಾಟಲಿ ಮುಟ್ಟದಿದ್ದರೆ ಆ ಹೆಂಡತಿಗೆ ತ್ರಿತ್ವದ ವಿವರಣೆ ಬೇಕಾಗುವುದಿಲ್ಲ.

2021ರ ಡಿಸೆಂಬರಿನಲ್ಲಿ ಮತಾಂತರ ತಡೆಯುವ ಮಸೂದೆ ವಿಧಾನಸಭೆಯಲ್ಲಿ ಅಂಗೀಕಾರವಾದದ್ದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಧರ್ಮ ಬದಲಿಸುವವನು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂಬುದು ಅದರ ಒಂದು ಕಲಮು. 2023ರಲ್ಲಿ ಬಂದ ಸರಕಾರ ಆ ಕಾನೂನನ್ನೇ ತೆಗೆಯಲು ನಿರ್ಧರಿಸಿತು. ಆದಿಕಾಲದ ಸಭೆಯಲ್ಲಿ ದೀಕ್ಷಾಸ್ನಾನ ಕೇಳಿ ಬಂದವನನ್ನು ಮೂರು ವರ್ಷ ಕಾಯಿಸಿ, ಅವನ ನಡತೆ ನೋಡಿ, ಆಮೇಲೆ ನೀರಿಗಿಳಿಸುವ ಪದ್ಧತಿ ಇತ್ತು. ಆ ಲೆಕ್ಕಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ಉದಾರಿಗಳು.

ಕಾಗದದ ದ್ವಾರ

ಇದು ತಹಶೀಲ್ದಾರ ಕಚೇರಿಯದು, ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದು ಕಷ್ಟ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವನು ಹಿಂದೂ ಆಗಿರಬೇಕು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ದೀಕ್ಷಾಸ್ನಾನದ ನೀರು ಮೈಮೇಲೆ ಬಿದ್ದ ಗಳಿಗೆಗೆ ಪ್ರಮಾಣಪತ್ರ ತೊಳೆದುಹೋಗುತ್ತದೆ. ಹೊಲಗೇರಿಯ ಬಾವಿಯಾಗಲಿ, ಊರ ಮಂದಿಯ ನಾಲಿಗೆಯಾಗಲಿ ಆ ನೀರಿಗೆ ತೊಳೆದುಹೋಗುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿ ಮಾತ್ರ ನಿಜ ಒಪ್ಪಿಕೊಂಡಿದೆ: ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1, ಉಳಿದವರು 3ಬಿ. ಕ್ರಿಸ್ತನಲ್ಲಿ ಭೇದವಿಲ್ಲ, ಪಟ್ಟಿಯಲ್ಲಿದೆ.

ಅಂಬೇಡ್ಕರರು 1925ರ ಏಪ್ರಿಲಿನಲ್ಲಿ ನಿಪ್ಪಾಣಿಗೆ ಬಂದು ಶೋಷಿತ ವರ್ಗಗಳ ಪರಿಷತ್ತು ನಡೆಸಿದರು. ಹತ್ತು ವರ್ಷದ ಮೇಲೆ ಯೇವಲೆಯಲ್ಲಿ, ಹಿಂದೂವಾಗಿ ಸಾಯಲಾರೆ ಎಂದು ಸಾರಿದಾಗ ಬಿಷಪ್ಪರೂ ಅವರ ಮನೆ ಬಾಗಿಲಿಗೆ ಹೋದರು. ಇಲ್ಲಿನ ಬಹಳಷ್ಟು ಮನೆಗಳು ಕೊನೆಗೆ ಅವರ ಹಿಂದೆ ಬುದ್ಧನ ಕಡೆಗೆ ನಡೆದವು. ಚರ್ಚಿನ ಒಳಗೂ ಕುರ್ಚಿಯ ಸಾಲು ಬೇರೆ, ನೆಲದ ಸಾಲು ಬೇರೆ ಎಂಬುದನ್ನು ಅಂಬೇಡ್ಕರರು ಬರೆದೇ ಇಟ್ಟಿದ್ದರು.

ಉಳಿದವರ ಪೈಕಿ ಶಾಸ್ತ್ರಕ್ಕೆ ಸವಾಲಾದ ಪ್ರಭೇದ ಒಂದಿದೆ. ಇವನು ಹಾಡು ಬಲ್ಲ, ಪ್ರಾರ್ಥನೆಗೆ ತಪ್ಪುವುದಿಲ್ಲ, ಸ್ನಾನ ಮಾತ್ರ ಮುಂದೂಡುತ್ತಾನೆ. ಮಗಳ ಸ್ಕಾಲರ್‌ಶಿಪ್ ಮುಗಿಯಲಿ, ಮಗನಿಗೆ ನೌಕರಿ ಆಗಲಿ. ಇವನನ್ನು ಹೀಗಳೆಯುವ ಪಾಸ್ಟರುಗಳು ಒಂದು ಸಂಗತಿ ನೆನಪಿಡಬೇಕು. ಇಡೀ ರೋಮ್ ಸಾಮ್ರಾಜ್ಯವನ್ನು ಕ್ರಿಸ್ತನ ಕಡೆ ತಿರುಗಿಸಿದ, ನೈಸಿಯಾದ ಸಭೆಯನ್ನು ಕರೆದ ಕಾನ್‌ಸ್ಟಾಂಟಿನ್ ಚಕ್ರವರ್ತಿ ಸ್ನಾನ ತೆಗೆದುಕೊಂಡಿದ್ದು 337ರಲ್ಲಿ, ಸಾಯುವ ಹಾಸಿಗೆಯ ಮೇಲೆ. ಅವನಿಗೂ ಮುಗಿಸಬೇಕಾದ ಕೆಲಸಗಳಿದ್ದವು.

2025ರ ಸೆಪ್ಟೆಂಬರಿನ ರಾಜ್ಯ ಸಮೀಕ್ಷೆಗೆ ಹಿಂದುಳಿದ ವರ್ಗಗಳ ಆಯೋಗ ತಯಾರಿಸಿದ ಪಟ್ಟಿಯಲ್ಲಿ ಹಳೆಯ ಜಾತಿಯ ಹೆಸರುಗಳಿಗೆ ಕ್ರಿಶ್ಚಿಯನ್ ಎಂಬುದನ್ನು ಅಂಟಿಸಿದ ನಮೂದುಗಳಿದ್ದವು. ಗದ್ದಲವಾಯಿತು. ಕ್ರೈಸ್ತಧರ್ಮದಲ್ಲಿ ಜಾತಿ ಎಲ್ಲಿದೆ ಎಂದು ಪಾದ್ರಿಗಳಿಗಿಂತ ಜೋರಾಗಿ ಕೇಳಿದವರು ರಾಜಕಾರಣಿಗಳು. ಆಯೋಗ ಆ ಹೆಸರುಗಳನ್ನು ಮೊಬೈಲ್ ಆ್ಯಪಿನ ಪಟ್ಟಿಯಲ್ಲಿ ಕಾಣದಂತೆ ಮಾಡಿ, ಹೇಳಬೇಕೆನ್ನುವವರು ತಾವಾಗಿ ಹೇಳಿ ಬರೆಸಬಹುದು ಅಂದಿತು. ಅಂದರೆ ಜಮಖಾನೆಯ ಮೇಲೆ ಕೂತು ಗಣತಿಯ ಮಾಸ್ತರರಿಗೆ ಚಹಾ ಕೊಟ್ಟು, ಯಾವುದನ್ನು ಬರೆಸಲಿ ಎಂದು ಹೆಂಡತಿಯ ಮುಖ ನೋಡುವವನ ಲಕ್ಷಣವನ್ನು ಅವನೇ ಹೇಳಬೇಕು.